ಯಾರದೋ ದರಗಿನ ಗುಡ್ಡೆ

ಮೇಗರವಳ್ಳಿಯ ಹತ್ತಿರ ಕೃಷ್ಣಪ್ರಸಾದರ ಹೋಂಸ್ಟೇ ಇದೆ. ಅಲ್ಲಿಗೆ ಬರುವವರೇನು ಸಾಮಾನ್ಯರೇ? ಕೀನ್ಯಾದಲ್ಲಿ ಸಿಂಹ ನೋಡಿದವರು, ಬೋರ್ನಿಯೋದಲ್ಲಿ ಒರಾಂಗುಟಾನ್ ನೋಡಿದವರು, ಒಂದು ಜಿಗಣೆ ಕಾಲಿಗೆ ಹತ್ತಿದರೆ ಊರೆಲ್ಲ ಕೇಳುವ ಹಾಗೆ ಕೂಗುವವರು. ಇಂಥವರನ್ನೆಲ್ಲ ಕಾಡಿಗೆ ಕರೆದೊಯ್ದು ಪ್ರಾಣಿ ಪಕ್ಷಿ ತೋರಿಸುವ ಗೈಡ್ ಯಾರು ಅಂತೀರಿ? ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಕೆರಿಯಮ್ಮ.

ಮೊದಲು ಅವಳು ಅಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಒಮ್ಮೆ ಯಾರೋ ಅತಿಥಿಗಳು ಎರಡು ದಿನ ಸುತ್ತಿದರೂ ಕೆಂದಳಿಲು ಕಾಣಲಿಲ್ಲವೆಂದು ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ಕೆರಿಯಮ್ಮ ಕೈ ಒರೆಸಿಕೊಂಡು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, 'ಅಗೋ, ಹಲಸಿನ ಮರದಲ್ಲಿ ನಿಮ್ಮನ್ನೇ ನೋಡ್ತಾ ಐತೆ' ಎಂದಳು. ಅಂದಿನಿಂದ ಪಾತ್ರೆ ತೊಳೆಯಲು ಬೇರೆಯವರು ಬಂದರು. ಮಂಗಟ್ಟೆ ಹಕ್ಕಿ ಯಾವ ಹೊತ್ತಿಗೆ ಯಾವ ಮರಕ್ಕೆ ಬರುತ್ತದೆ, ಸಿಂಗಳೀಕದ ಹಿಂಡು ಎಲ್ಲಿ ಬೀಡು ಬಿಟ್ಟಿದೆ, ಎಲ್ಲ ಅವಳ ಬಾಯಲ್ಲೇ ಇತ್ತು. ತೋರಿಸಲು ಒಲ್ಲೆ ಎನ್ನುತ್ತಿದ್ದದ್ದು ಒಂದನ್ನೇ, ಕಾಳಿಂಗ ಸರ್ಪದ ಗೂಡನ್ನು. ಅದಕ್ಕೆ ಕಾರಣವಿತ್ತು, ಮೂವತ್ತು ವರ್ಷದ ಹಿಂದಿನದು.

ದರಗು ಎಂದರೆ ಉದುರಿದ ಒಣ ಎಲೆ. ಬೇಸಿಗೆಯಲ್ಲಿ ಹೆಂಗಸರು ಗುಡ್ಡದಲ್ಲಿ ಅದನ್ನು ಗುಡಿಸಿ, ಗುಡ್ಡೆ ಹಾಕಿ, ಮಳೆಗೆ ಮುಂಚೆ ಹೊತ್ತು ತಂದು ಕೊಟ್ಟಿಗೆಗೆ ಹಾಸಲು ಕೂಡಿಡುತ್ತಾರೆ. ಗುಡ್ಡೆಯ ಮೇಲೆ ಒಂದು ಹಸಿ ಸೊಪ್ಪಿನ ಟೊಂಗೆ ಇಟ್ಟರೆ ಮುಗಿಯಿತು. ಅದು ಒಬ್ಬರದು, ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ದಾರಿಯಲ್ಲಿ ಬಂಗಾರ ಬಿದ್ದಿದ್ದರೆ ಎತ್ತಿಕೊಂಡಾರು, ಇನ್ನೊಬ್ಬರ ದರಗು ಮುಟ್ಟರು.

ಆಗ ಕೆರಿಯಮ್ಮ ಮದುವೆಯಾಗಿ ಬಂದು ಎರಡನೇ ವರ್ಷ. ಆರು ತಿಂಗಳ ಬಸುರಿ. ಬಗ್ಗಿ ಗುಡಿಸಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಬರಿಗೈಯಲ್ಲಿ ಮನೆಗೆ ಹೋದರೆ ಅತ್ತೆಯ ಬಾಯಿ. ಪಕ್ಕದ ಮನೆಯ ಜಲಜಮ್ಮ ಪ್ರತಿ ವರ್ಷ ಗುಡಿಸುವ ಜಾಗದಲ್ಲಿ ಮೊಣಕಾಲೆತ್ತರದ ಗುಡ್ಡೆಯೊಂದು ಕಂಡಿತು. ಮೇಲೆ ಸೊಪ್ಪಿರಲಿಲ್ಲ. ಜಲಜಕ್ಕ ಮರೆತಿರಬೇಕು, ಸೊಪ್ಪಿಲ್ಲದ್ದಕ್ಕೆ ಕೇಳುವವರ್ಯಾರು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಅತ್ತಿತ್ತ ನೋಡಿ, ಎರಡೂ ಕೈ ಹಾಕಿ ಬಾಚಿದಳು. ಕೈಗೆ ಮೊಟ್ಟೆ ಬಂತು. ತಲೆಯೆತ್ತಿದರೆ ಎದುರಿಗೇ ಕಾಳಿಂಗ, ಎದೆಯೆತ್ತರಕ್ಕೆ ಎದ್ದು ನಿಂತು ಗುರುಗುಟ್ಟುತ್ತಿದೆ! ಕಚ್ಚಬಹುದಿತ್ತು, ಎರಡು ಮೊಳ ದೂರ ಅಷ್ಟೇ. ಕಚ್ಚಲಿಲ್ಲ. ಕೆರಿಯಮ್ಮ ಹಿಂದೆ ಹಿಂದೆ ಸರಿದಳು. ಅದು ಮೊಟ್ಟೆಗೆಂದು ತಾನೇ ಎಲೆ ಒಟ್ಟಿ ಮಾಡಿದ ಗೂಡು ಬಿಟ್ಟು ಒಂದು ಗೇಣೂ ಮುಂದೆ ಬರಲಿಲ್ಲ.

ಬರಿಗೈಯಲ್ಲಿ ಮನೆಗೆ ಓಡಿಬಂದವಳನ್ನು ಎಲ್ಲರೂ ಸುತ್ತುವರಿದು ಕೇಳಿದರು. ಜಲಜಕ್ಕನ ದರಗು ಕದಿಯಲು ಹೋಗಿದ್ದೆ ಅನ್ನಲಿಕ್ಕಾಗುತ್ತದೆಯೇ? ಅಡಿಕೆಗೆ ಹೋದ ಮಾನವೇ ಆನೆ ಕೊಟ್ಟರೂ ಬಾರದಂತೆ, ಇನ್ನು ದರಗಿಗೆ ಹೋದ ಮಾನ ಎಲ್ಲಿಂದ ಬಂದೀತು! 'ದಾರೀಲಿ ಹೋಗ್ತಿದ್ದೆ, ಹುಳ ಅಟ್ಟಿಸ್ಕೊಂಡು ಬಂತು' ಎಂದುಬಿಟ್ಟಳು. ಹುಳ ಎಂದರೆ ಹಾವು. ಆ ಕಡೆಯವರು ಅದರ ಹೆಸರು ಎತ್ತುವುದಿಲ್ಲ. ಬಸುರಿಯನ್ನು ಅಟ್ಟಿಸಿಕೊಂಡು ಬಂದದ್ದನ್ನು ಯಾರು ಬಿಟ್ಟಾರು? ಜಲಜಮ್ಮನ ಗಂಡ ಗಜಾನನನೇ ಮುಂದಾಗಿ, ನಾಲ್ಕು ಜನ ಸೇರಿ ಗುಡ್ಡೆಗೆ ಬೆಂಕಿ ಕೊಟ್ಟರು. ತಾಯಿ ಹಾವು ಓಡಿಹೋಗಬಹುದಿತ್ತು, ಹೋಗಲಿಲ್ಲವಂತೆ. ಮೊಟ್ಟೆ ಸಿಡಿಯುವ ಸದ್ದು ಕೆರಿಯಮ್ಮನ ಅಂಗಳದವರೆಗೆ ಕೇಳಿತು. ಮೂರು ತಿಂಗಳಿಗೆ ಅವಳಿಗೆ ಮಗ ಹುಟ್ಟಿದ. ಮಗುವಿಗೆ ಹಾಲು ಕೊಡುತ್ತಾ ಎಷ್ಟೋ ಸಲ ಅತ್ತಳು; ಯಾಕೆಂದು ಗಂಡ ಬೆಳ್ಳಪ್ಪನಿಗೂ ಹೇಳಲಿಲ್ಲ.

ಈ ವರ್ಷ ಏಪ್ರಿಲ್ ಕೊನೆಯಲ್ಲಿ ಅದೇ ಗುಡ್ಡದ ಮೇಲ್ಗಡೆ, ಬಿದಿರು ಮೆಳೆಯ ಬುಡದಲ್ಲಿ ಮತ್ತೊಂದು ಗುಡ್ಡೆ ಕಂಡಿತು. ಸುತ್ತ ಪೊರಕೆಯ ಗೀರಿರಲಿಲ್ಲ. ಈ ಸಲ ಕೆರಿಯಮ್ಮ ಮೋಸ ಹೋಗಲಿಲ್ಲ. ದೂರದಲ್ಲೇ ನಿಂತು ಕೈಮುಗಿದಳು. ತನ್ನಿಂದ ಒಂದು ಸಂಸಾರ ಸುಟ್ಟುಹೋಗಿತ್ತು, ಇದಾದರೂ ಮರಿಯಾಗಿ ಹೋಗಲಿ ಎಂಬುದೊಂದೇ ಅವಳ ಮನಸ್ಸಿನಲ್ಲಿದ್ದದ್ದು. ಆದರೆ ದರಗಿನ ಕಾಲ, ಹೆಂಗಸರೆಲ್ಲ ಗುಡ್ಡದಲ್ಲೇ ಇರುತ್ತಾರೆ. ಹುಳ ಇದೆ ಎಂದರೆ ಬೆಂಕಿ. ಇಲ್ಲವೆಂದರೆ ಯಾರಾದರೂ ಕೈ ಹಾಕುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಯೋಚಿಸಿ, ಉದ್ದನೆಯ ಗಳುವಿನ ತುದಿಯಿಂದ ಒಂದು ಹಸಿ ಟೊಂಗೆಯನ್ನು ಗುಡ್ಡೆಯ ಮೇಲೆ ಜಾರಿಸಿ ಬಂದಳು. 'ಮೆಳೆ ಬುಡದ್ದು ನಂದು ಕಣ್ರೇ' ಎಂದು ನಲ್ಲಿಯ ಹತ್ತಿರ ಎಲ್ಲರಿಗೂ ಹೇಳಿದಳು. ಸೊಪ್ಪು ಬಾಡಿದ ಹಾಗೆಲ್ಲ ಹೊಸದನ್ನು ಇಡುತ್ತಾ ಬಂದಳು.

ಕೃಷ್ಣಪ್ರಸಾದರು ಮಾತ್ರ ಬಿಡಲೊಲ್ಲರು.

'ಗೂಡು ಎಲ್ಲಾದ್ರೂ ಕಂಡ್ತಾ ಕೆರಿಯಮ್ಮ? ಬರೋರೆಲ್ಲ ಫೋನ್ ಮೇಲೆ ಫೋನ್ ಮಾಡಿ ಕೇಳ್ತಿದಾರೆ.'

'ಎಂತದೂ ಇಲ್ಲ ಮಾರಾಯ್ರೆ. ಬಿದಿರು ಮೆಳೆ ಹತ್ರ ಅಂತೂ ಇಲ್ಲವೇ ಇಲ್ಲ.'

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡದ್ದು ಅಂದರೆ ಇದೇ! ಪುಣ್ಯಕ್ಕೆ ಅವರು ಮೊಬೈಲ್ ನೋಡುತ್ತಿದ್ದರು, ಕೇಳಿಸಿಕೊಳ್ಳಲಿಲ್ಲ.

ಮೇ ಕೊನೆಯ ವಾರ ಮೈಸೂರಿನಿಂದ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು ಬಂದರು. ಲೋಕವೆಲ್ಲ ಸುತ್ತಿ ಮೃಗಪಕ್ಷಿ ನೋಡಿದವರು. ಅವರನ್ನು ಒಂದು ದೊಡ್ಡ ಮರದೆದುರು ನಿಲ್ಲಿಸಿ ಕೆರಿಯಮ್ಮ ಮಂಗಟ್ಟೆಗೆ ಕಾಯುತ್ತಿದ್ದಳು. ಪಡುವಣದಲ್ಲಿ ಮೋಡ ಕಪ್ಪಿಟ್ಟಿತ್ತು. ಕೆಳಗಿನ ಕಾಲುದಾರಿಯಿಂದ ಜಲಜಮ್ಮನ ಕೂಗು ಕೇಳಿತು.

'ಕೆರಿಯಾ, ಮಳೆ ಬರೋ ಹಂಗೈತೆ ಕಣೇ! ನಿನ್ ದರಗು ನಾನೇ ತರ್ತೀನಿ, ನೀನು ನಿನ್ ಕೆಲ್ಸ ನೋಡ್ಕ!'

ಹೊರಲಾಗದವರ ದರಗನ್ನು ಮಳೆಗೆ ಮುಂಚೆ ನೆರೆಯವರು ಹೊತ್ತು ತಂದು ಹಾಕುವುದೂ ಅಲ್ಲಿಯ ರೂಢಿಯೇ. ಸೊಪ್ಪು ಇಡುವಾಗ ಅವಳಿಗೆ ಅದು ಹೊಳೆದೇ ಇರಲಿಲ್ಲ. 'ಇಲ್ಲೇ ನಿಂತಿರಿ ಸಾರ್, ಅಲ್ಲಾಡ್ಬೇಡಿ' ಎಂದು ಅತಿಥಿಗೆ ಹೇಳಿ ಸೀರೆ ಎತ್ತಿಕಟ್ಟಿ ಓಡಿದಳು. ಕಾಡಿನಲ್ಲಿ ಅತಿಥಿಯನ್ನು ಒಬ್ಬರೇ ಬಿಡಬಾರದು ಎಂಬುದು ಕೆಲಸದ ಮೊದಲ ನಿಯಮ. ನಿಯಮ ಹಾಳಾಗಿ ಹೋಗಲಿ!

ಅವಳು ತಲುಪುವ ಹೊತ್ತಿಗೆ ಜಲಜಮ್ಮ ಬುಟ್ಟಿ ಇಳಿಸಿ ಬಗ್ಗಿಯಾಗಿತ್ತು.

'ಮುಟ್ಬೇಡ ಜಲಜಕ್ಕಾ! ಅದು ನನ್ ದರಗಲ್ಲ!'

'ನಿಂದಲ್ದೆ ಮತ್ಯಾರ್ದೇ? ನೀನೇ ಹೇಳಿದ್ದಲ್ಲನೇ?' ಜಲಜಮ್ಮ ನಗುತ್ತಾ ಇತ್ತ ತಿರುಗಿದಳು.

ಅವಳ ಬೆನ್ನ ಹಿಂದೆ ಗುಡ್ಡೆ ಮಿಸುಕಿತು. ಎಲೆಗಳ ನಡುವಿನಿಂದ ಕಾಳಿಂಗ ಎದ್ದು ನಿಂತಿತು.

'ತಿರುಗ್ಬೇಡ ಅಕ್ಕ. ನನ್ನೇ ನೋಡ್ಕೊಂಡು ನನ್ ಕಡೆ ಬಾ. ನಿಧಾನ. ಓಡ್ಬೇಡ.'

ಗುರುಗುಟ್ಟುವ ಸದ್ದು ಜಲಜಮ್ಮನಿಗೂ ಕೇಳಿತ್ತು. ಮುಖ ಬಿಳಿಚಿಕೊಂಡು ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಹತ್ತು ಹೆಜ್ಜೆಯ ನಂತರ ಹಾವು ಮೆಲ್ಲಗೆ ಎಲೆಯೊಳಗೆ ಇಳಿಯಿತು.

ಉಸಿರು ಬಂದ ಮೇಲೆ ಜಲಜಮ್ಮನಿಗೆ ಸಿಟ್ಟೂ ಬಂತು. 'ಗೊತ್ತಿದ್ದೂ ಮುಚ್ಚಿಟ್ಯೇನೇ? ನನ್ ಪ್ರಾಣ ಹೋಗ್ತಿತ್ತಲ್ಲೇ! ಈಗ್ಲೇ ನಮ್ಮನೇರಿಗೆ ಹೇಳಿ ಬೆಂಕಿ ಹಾಕ್ಸ್ತೀನಿ.'

ಕೆರಿಯಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. ಮೂವತ್ತು ವರ್ಷ ಮುಚ್ಚಿಟ್ಟದ್ದು ಆಗ ಹೊರಬಂತು.

'ಅವತ್ತು ಹುಳ ಅಟ್ಟಿಸ್ಕೊಂಡು ಬರ್ಲಿಲ್ಲ ಜಲಜಕ್ಕ. ನಿನ್ ದರಗು ಅಂದ್ಕೊಂಡು ಕದಿಯೋಕೆ ಹೋಗಿದ್ದೆ, ಗೂಡಿಗೆ ಕೈ ಹಾಕ್ದೆ. ಅದು ನಂಗೆ ಎಂತದೂ ಮಾಡ್ಲಿಲ್ಲ. ನಾನು ಸುಳ್ಳು ಹೇಳಿದ್ದಕ್ಕೆ ಮೊಟ್ಟೆ ಸಮೇತ ಸುಟ್ರು. ನಿನ್ ಕಾಲಿಗೆ ಬೀಳ್ತೀನಿ, ಇದೊಂದು ಬಿಟ್ಬಿಡು.'

ಜಲಜಮ್ಮ ಕೈ ಕೊಸರಿಕೊಂಡಳು. ಬುಟ್ಟಿಯನ್ನೂ ಅಲ್ಲೇ ಬಿಟ್ಟು ಇಳಿದು ಹೋದಳು.

ಮರದ ಬಳಿ ಮ್ಯಾನೇಜರು ಹಿಗ್ಗಿ ಹೀರೆಕಾಯಿಯಾಗಿದ್ದರು. 'ಎಲ್ಲಿ ಹೋಗಿದ್ರಿ? ಗಂಡು ಮಂಗಟ್ಟೆ ಬಂದು ಪೊಟರೆಯೊಳಗಿನ ಹೆಣ್ಣಿಗೆ ಹಣ್ಣು ಕೊಟ್ಟು ಹೋಯ್ತು!' ಕೆರಿಯಮ್ಮ ಹೂಂ ಅಂದಳು. ದಾರಿಯುದ್ದಕ್ಕೂ ಅವಳ ಕಣ್ಣು ಗುಡ್ಡದ ಮೇಲೆ ಹೊಗೆ ಹುಡುಕುತ್ತಿತ್ತು.

ಸಂಜೆ ಬೇಲಿಯ ಪಕ್ಕ ನಿಂತು ಕಿವಿಗೊಟ್ಟಳು. ಗಜಾನನನ ದನಿ ಕೇಳಿತು. 'ಬುಟ್ಟಿ ಎಲ್ಲೇ?'

'ಜಾರಿ ಬಿದ್ದೆ, ಬುಟ್ಟಿ ಎಲ್ಲೋ ಉರುಳ್ಕೊಂಡು ಹೋತು. ಒಂದು ಬುಟ್ಟಿಗೆ ಎಂತಕ್ಕೆ ಬೊಬ್ಬೆ ಹೊಡೀತೀರಿ?'

ಕೆರಿಯಮ್ಮ ಬೇಲಿಯ ಬುಡದಲ್ಲೇ ಕುಕ್ಕರಿಸಿದಳು. ಸದ್ಯ, ಗೂಡು ಉಳಿಯಿತು. ಆದರೆ ಜೂನ್ ಪೂರ್ತಿ ಜಲಜಮ್ಮ ಅವಳ ಮುಖ ನೋಡಲಿಲ್ಲ. ಹಾಲಿನ ಡೇರಿಯಲ್ಲಿ ಎದುರಾದರೆ ಸೆರಗು ಸರಿಮಾಡಿಕೊಂಡು ಅತ್ತ ತಿರುಗುತ್ತಿದ್ದಳು. ಮೂವತ್ತು ವರ್ಷದ ನೆರೆಹೊರೆ ಹೋಯಿತಲ್ಲ ಎಂದು ಕೆರಿಯಮ್ಮ ಕೊರಗಿದಳು.

ಜುಲೈಯಲ್ಲಿ ಒಂದು ಬೆಳಿಗ್ಗೆ ಮಳೆ ಬಿಟ್ಟು ಹೊಳವಾದಾಗ ಜಲಜಮ್ಮನೇ ಅಂಗಳಕ್ಕೆ ಬಂದಳು. 'ನಿನ್ ದರಗು ಎಂತಾಗೈತೆ ನೋಡಾಣ, ನಡಿ' ಎಂದಳು, ಮುಖ ಬಿಗಿದುಕೊಂಡೇ.

ತಾಯಿ ಹಾವು ಆಗಲೇ ಹೊರಟುಹೋಗಿತ್ತು. ಒದ್ದೆ ಎಲೆಗಳ ನಡುವೆ ಸೀಳಿದ ಮೊಟ್ಟೆಯ ಸಿಪ್ಪೆಗಳು, ಇಪ್ಪತ್ತಕ್ಕೂ ಹೆಚ್ಚು. ಕೊನೆಯ ಮರಿಯೊಂದು ಕಪ್ಪು ಮೈ, ಹಳದಿ ಪಟ್ಟೆ ಹೊತ್ತು ಮೆಳೆಯೊಳಗೆ ಹರಿದುಹೋಯಿತು. ಕೆರಿಯಮ್ಮ ಕೆಸರಿನಲ್ಲೇ ಕೂತು ಗೊಳೋ ಎಂದು ಅತ್ತಳು.

ಜಲಜಮ್ಮ ಮಳೆಗೆ ನೆನೆದು ಬಿದ್ದಿದ್ದ ತನ್ನ ಬುಟ್ಟಿಯನ್ನು ಎತ್ತಿಕೊಂಡಳು.

'ಅವತ್ತು ಒಂದು ಮಾತು ಕೇಳಿದ್ರೆ ಬುಟ್ಟಿಗಟ್ಲೆ ನಾನೇ ತಂದು ಹಾಕ್ತಿದ್ನಲ್ಲೇ' ಎಂದಳು. 'ಬಸುರಿ ಹೆಂಗ್ಸಿಗೆ ದರಗು ಕೊಡ್ದೆ ಇರ್ತಿದ್ನೇನೇ ನಾನು?'