ಆರತಿ ಊದಿದ ಮಿಸ್ತ್ರಿ

ಅವರ ಎಡಗಣ್ಣಿನ ಮೇಲೆ ಹುಬ್ಬು ಇರಲಿಲ್ಲ. ರೆಪ್ಪೆಯ ಕೂದಲೂ ಇಲ್ಲ. ಬಲಗಡೆಯ ಹುಬ್ಬು ಮಾತ್ರ ದಟ್ಟವಾಗಿ, ನರೆತು, ಮೀಸೆಯ ತುಂಡೊಂದನ್ನು ಹಣೆಗೆ ಅಂಟಿಸಿದಂತಿತ್ತು. ಎಡದಿಂದ ನೋಡಿದರೆ ಏನೋ ಕೇಳಿ ಬೆರಗಾದವರಂತೆ, ಬಲದಿಂದ ನೋಡಿದರೆ ಸಿಟ್ಟಿಗೆದ್ದವರಂತೆ ಕಾಣುತ್ತಿದ್ದರು. ನಿಜಕ್ಕೂ ಎರಡೂ ಅಲ್ಲ. ವಾಡಿಯಲ್ಲಿ, ಚಿತ್ತಾಪುರ ರಸ್ತೆಯ ಮಗ್ಗುಲಿಗೆ ತಗಡಿನ ಶೆಡ್ ಹಾಕಿಕೊಂಡಿದ್ದ ಮೆಕ್ಯಾನಿಕ್ ಅವರು. ಊರೆಲ್ಲ ಮಿಸ್ತ್ರಿ ಎನ್ನುತ್ತಿತ್ತು, ನಾನು ಮಿಸ್ತ್ರಿ ಕಾಕಾ ಎನ್ನುತ್ತಿದ್ದೆ.

ಮೊದಲು ರಾವೂರಿನ ಕಲ್ಲುಗಣಿಗಳ ಲಾರಿ ರಿಪೇರಿ ಮಾಡುತ್ತಿದ್ದವರು. ಶೆಡ್ಡಿನ ನೆಲಕ್ಕೆ ಶಹಾಬಾದಿನ ಫರಸಿ ಹಾಸಿದ್ದರು. ಬಿಚ್ಚಿದ ಪ್ರತಿಯೊಂದು ಸಾಮಾನನ್ನೂ ಆ ಕಲ್ಲಿನ ಮೇಲೆ ಸಾಲಾಗಿ ಇಟ್ಟು, ಪಕ್ಕದಲ್ಲಿ ಸೀಮೆಸುಣ್ಣದಿಂದ ಒಂದು, ಎರಡು, ಮೂರು ಎಂದು ಬರೆಯುತ್ತಿದ್ದರು. ಯಾರಾದರೂ ಆ ಸಾಲು ದಾಟಿ ಕಾಲಿಟ್ಟರೆ ಮುಗಿಯಿತು ಕಥೆ. ಗಾಡಿ ತಂದವರು ರೋಗದ ಹೆಸರು ಹೇಳತೊಡಗಿದರೆ ಕೈಯೆತ್ತಿ ತಡೆಯುತ್ತಿದ್ದರು. "ಏನಾಗ್ಯಾದ ಅಂತ ನಾ ಹೇಳ್ತೀನಿ. ನೀವು ಏನು ಮಾಡಿದ್ರಿ, ಅದಷ್ಟು ಹೇಳ್ರಿ." ಆಮೇಲೆ ಬಾನೆಟ್ ಎತ್ತಿ, ಕೈ ಹಚ್ಚದೆ, ಸುಮ್ಮನೆ ಬಗ್ಗಿ ಮೂಸುತ್ತಿದ್ದರು. "ಮೊದಲ ಮೂಗು, ಆಮ್ಯಾಲ ಕೈ" ಎಂಬುದು ಅವರ ಕಾಯಂ ಮಾತು.

ನನಗೆ ಅವರ ಗರಜು ಬಿದ್ದದ್ದು ಅಪ್ಪನ ಕಾರಿನಿಂದ. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹತ್ತಿಕೊಂಡಂತೆ ಓಡುವ ಕೆಂಪು ಸ್ಪೋರ್ಟ್ಸ್ ಕಾರು. ಸಿಮೆಂಟ್ ಕಾರ್ಖಾನೆಯ ಕಾಲನಿ ಆದಿತ್ಯನಗರದಲ್ಲಿದ್ದ ಅಧಿಕಾರಿಯೊಬ್ಬರು ನಿವೃತ್ತಿಯಾಗಿ ಹೋಗುವಾಗ ಅಪ್ಪನಿಗೆ ಕೊಟ್ಟುಹೋಗಿದ್ದರು. ಚಿತ್ತಾಪುರದ ನಮ್ಮ ಓಣಿಯ ಸ್ಪೀಡ್ ಬ್ರೇಕರಿಗೆ ಅದರ ಹೊಟ್ಟೆ ಉಜ್ಜುತ್ತಿತ್ತು. ಊರಿನವರು ನಗುತ್ತಿದ್ದರು, ಅಪ್ಪನೂ ಅವರ ಜೊತೆ ನಗುತ್ತಿದ್ದ. ಪ್ರತಿ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಅದನ್ನು ತೊಳೆದು, ಹೂವು ಹಾಕಿ, ಅವ್ವನನ್ನು ಪಕ್ಕಕ್ಕೆ ಕೂಡಿಸಿಕೊಂಡು ಬಸ್ ಸ್ಟ್ಯಾಂಡಿನವರೆಗೆ ಒಂದು ಸುತ್ತು ಹೊಡೆದು ಬರುವುದು ರೂಢಿ. ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷ ಕಾರು ಪಡಸಾಲೆಯ ಮುಂದೆ ತಾಡಪತ್ರಿ ಹೊದ್ದು ನಿಂತಿತು. ಮೂರನೆಯ ವರ್ಷ ಹಬ್ಬ ಹತ್ತಿರ ಬಂದಾಗ ಅವ್ವ, "ಈ ಸಲ ಅದರ ದನಿ ಕೇಳಬೇಕು ನೋಡು" ಎಂದಳು. ಅವ್ವ ಏನನ್ನೂ ಬೇಡುವವಳಲ್ಲ. ಹೇಗಾದರೂ ಮಾಡಿ ಚಾಲೂ ಮಾಡುತ್ತೇನೆಂದು ಮಾತು ಕೊಟ್ಟೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನಗೆ ತಾಳ್ಮೆ ಕಡಿಮೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು 'ಒಗ್ಗರಣಿ ಟೀಚರ್' ಎನ್ನುವುದು ನನಗೆ ಗೊತ್ತು. ಹೊಸ ಬ್ಯಾಟರಿ ಹಾಕಿಸಿದೆ, ಹೊಸ ಪೆಟ್ರೋಲ್ ಸುರಿದೆ. ಹಬ್ಬದ ದಿನ ಬೆಳಿಗ್ಗೆ ಚೋಕ್ ಎಳೆದು, ಆಕ್ಸಿಲರೇಟರನ್ನು ಪಂಪ್ ಹೊಡೆದಂತೆ ತುಳಿದು ತುಳಿದು ಕೀಲಿ ತಿರುವಿದೆ. ಹತ್ತಲಿಲ್ಲ. ಇನ್ನಷ್ಟು ತುಳಿದೆ. ಅಂಗಳ ಪೆಟ್ರೋಲ್ ವಾಸನೆಯಿಂದ ಗಮ್ಮೆಂದಿತು. ಆಗ ಮಿಸ್ತ್ರಿ ಕಾಕಾಗೆ ಫೋನ್ ಮಾಡಿದೆ. ಹಬ್ಬದ ದಿನವೂ ಬಸ್ಸು ಹತ್ತಿ ಬಂದರು ಮಹಾರಾಯರು.

"ಎಷ್ಟು ಸಲ ತುಳದೀ?"

"ಒಂದೆರಡು ಸಲ, ಕಾಕಾ."

ಅವರು ಬಗ್ಗಿ ಮೂಸಿದರು. "ಒಂದೆರಡು ಡಜನ್ ಇರಬೇಕು," ಎಂದರು. "ಇಂಜಿನ್ನಿಗಿ ನೀರಾಗ ಮುಳುಗಿಸಿದಂಗ ಮಾಡೀದಿ, ತಂಗಿ. ಅದಕ್ಕ ಜರಾ ಉಸುರಾಡಾಕ ಬಿಡು."

ಮೊದಲು ಬ್ಯಾಟರಿಯ ವೈರು ಬಿಚ್ಚಿದರು. ನಾಲ್ಕೂ ಪ್ಲಗ್ ತೆಗೆದರು. ಎಲ್ಲವೂ ತೊಯ್ದು ತೊಪ್ಪೆ. ಅವುಗಳನ್ನು ನಮ್ಮ ಕಟ್ಟೆಯ ಮೇಲೆ ಬಿಸಿಲಿಗೆ ಸಾಲಾಗಿಟ್ಟು ಒಂದರಿಂದ ನಾಲ್ಕರವರೆಗೆ ಸೀಮೆಸುಣ್ಣದಲ್ಲಿ ಬರೆದರು. ಆಮೇಲೆ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಇಂಜಿನ್ನಿಗೆ ಕಳಿಸುವ ಕಾರ್ಬುರೇಟರಿನ ಮುಚ್ಚಳ ಬಿಚ್ಚಿದರು. ಅದರೊಳಗೆ ಪೆಟ್ರೋಲ್ ಸಾಕೆನಿಸಿದಾಗ ದಾರಿ ಮುಚ್ಚುವ ಸಣ್ಣ ಸೂಜಿಯೊಂದು ಕಸ ಸಿಕ್ಕು ತೆರೆದೇ ನಿಂತಿತ್ತು. ತುಂಬಿದ ಪೆಟ್ರೋಲ್ ಅವರ ಮೊಣಕೈವರೆಗೆ ಚೆಲ್ಲಿ, ಕಾರಿನ ಕೆಳಗೆ ಫರಸಿಯ ಮೇಲೆ ಹರಿಯಿತು. "ಒಂದು ತಾಸು ಯಾರೂ ಈ ಕಡಿ ಬರಬ್ಯಾಡ್ರಿ" ಎಂದು ನನಗೆ ಹೇಳಿದರು. ನಾನು ಅದನ್ನು ಒಳಗೆ ಹೋಗಿ ಹೇಳಬೇಕಿತ್ತು. ಅವರ ಕೈಕೆಲಸ ನೋಡುತ್ತಾ ನಿಂತುಬಿಟ್ಟೆ.

ಅಷ್ಟರಲ್ಲಿ ಅವ್ವನ ತಮ್ಮ, ನನ್ನ ಮಾಮಾ, ನಿಂಬೆಹಣ್ಣು, ಕುಂಬಳಕಾಯಿ ತಂದ. ಒಳ್ಳೆಯ ಹೊತ್ತು ಮೀರುತ್ತದೆಂದು ಅವಸರ ಮಾಡಿದ. ಅವ್ವ ಕರ್ಪೂರ ಹಚ್ಚಿದ ಆರತಿ ತಾಟು ಹಿಡಿದು ಪಡಸಾಲೆಯಿಂದ ಇಳಿದಳು.

"ನಿಂದರ್ರೀ! ಅಲ್ಲೇ ನಿಂದರ್ರೀ!" ಮಿಸ್ತ್ರಿ ಕಾಕಾ ಕೂಗಿದರು.

ಅವ್ವ ನಿಲ್ಲಲಿಲ್ಲ. ಆರತಿ ಹಿಡಿದವರನ್ನು ಯಾರೂ ನಿಲ್ಲಿಸುವುದಿಲ್ಲ ನಮ್ಮಲ್ಲಿ. ಅವರು ದಡದಡ ಎದುರು ಬಂದು, ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು, ಕುತ್ತಿಗೆ ಚಾಚಿ, ಆರತಿಯನ್ನು ಬಾಯಿಂದ ಉಫ್ ಎಂದು ಊದಿದರು. ಒಮ್ಮೆಗೆ ಆರಲಿಲ್ಲ. ಮತ್ತೊಮ್ಮೆ ಊದಿದರು.

ಸಂಜೆಯ ದೀಪಕ್ಕೂ ನಾವು ಬಾಯಿ ಹಚ್ಚುವವರಲ್ಲ. ಇದು ಹಬ್ಬದ ಆರತಿ, ಅದೂ ಅಪ್ಪನ ಗಾಡಿಗೆ.

ಮಾಮಾ ಮೈಮೇಲೆ ಬಂದವನಂತೆ ಒದರಿದ. "ದೇವರ ಆರತಿಗಿ ಎಂಜಲ ಬಾಯಿ ಊದ್ತೀಯಲ್ಲೋ! ಅದೂ ಸಾಹೇಬನಂಗ ಕೈ ಹಿಂದ ಕಟ್ಕೊಂಡು! ನೀ ಯಾರು, ಯಾರ ಮನಿ ಅಂಗಳದಾಗ ನಿಂತೀದಿ, ಖಬರ್ ಅದ ಏನು?"

ಅರವತ್ತು ದಾಟಿದವರಿಗೆ ಏಕವಚನ. 'ನೀ ಯಾರು' ಎಂದದ್ದರ ಅರ್ಥ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರ ಶೆಡ್ಡಿನಲ್ಲಿ ಬುದ್ಧನ ಪಟ ಇರುವುದನ್ನು ಮಾಮಾ ನೋಡಿದ್ದ. ಅವ್ವ ಮುಖ ತಿರುಗಿಸಿ, "ಇವರಿಗಿ ಕಳಿಸಿಬಿಡವ್ವಾ" ಎಂದಳು. ನಾನು? ತರಗತಿಯಲ್ಲಿ ಐವತ್ತು ಮಕ್ಕಳನ್ನು ಒಂದು ದನಿಗೆ ಸುಮ್ಮನಾಗಿಸುವ ನಾನು ತುಟಿ ಬಿಚ್ಚಲಿಲ್ಲ. ಥೂ, ಅದನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಮಿಸ್ತ್ರಿ ಕಾಕಾ ಪ್ಲಗ್ಗಿನ ತೂತುಗಳಿಗೆ ಬಟ್ಟೆ ಮುಚ್ಚಿದರು, ಚೆಲ್ಲಿದ್ದನ್ನು ಮಣ್ಣು ಹಾಕಿ ಒರೆಸಿದರು. "ಬ್ಯಾಟರಿ ಜೋಡಿಸಬ್ಯಾಡ, ತಂಗಿ. ಸಂಜಿತನಕ ಇಲ್ಲಿ ಬೆಂಕಿ ಬ್ಯಾಡ" ಎಂದಷ್ಟು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದರು. ತಂದಿಟ್ಟ ಚಹಾ ಹಾಗೆಯೇ ಇತ್ತು.

ಮಾಮಾನ ಬೈಗುಳ ಮಾತ್ರ ನಿಲ್ಲಲಿಲ್ಲ. ಕೇಳಿ ಕೇಳಿ ತಲೆ ಕೆಟ್ಟು, ಅವರು ಕೈ ಒರೆಸಿ ಬಿಟ್ಟುಹೋದ ಬಟ್ಟೆಯನ್ನು ಕೋಲಿನಲ್ಲಿ ಎತ್ತಿ ಹಿತ್ತಲ ಆಚೆಯ ಖಾಲಿ ಜಾಗಕ್ಕೆ ಒಯ್ದೆ. ಅವ್ವನನ್ನೂ ಮಾಮಾನನ್ನೂ ದೂರ ನಿಲ್ಲಿಸಿದೆ. ಉದ್ದನೆಯ ಕೋಲಿನ ತುದಿಗೆ ಕಾಗದ ಸಿಕ್ಕಿಸಿ ಹೊತ್ತಿಸಿ ಚಾಚಿದೆ. ಉರಿ ಬಟ್ಟೆಗೆ ತಾಗಲೇ ಇಲ್ಲ, ಅದಕ್ಕೂ ಮೊದಲೇ ಭಗ್ಗೆಂದು ಹತ್ತಿಕೊಂಡಿತು. ಮಾಮಾ ಹಿಂದಕ್ಕೆ ಜಿಗಿದ. ಅವ್ವ ಅಲ್ಲೇ ಕಲ್ಲಿನ ಮೇಲೆ ಕುಂತಳು. "ನಾ ಇನ್ನ ನಾಕು ಹೆಜ್ಜಿ ಇಟ್ಟಿದ್ರ?" ಎಂದಳು.

ಮುಂದಿನ ರವಿವಾರ ಶೆಡ್ಡಿಗೆ ಹೋದೆ. ತಪ್ಪಾಯಿತು ಎಂದೆ. ಅವರು ಬಸಿಯಲ್ಲಿ ಚಹಾ ಸುರಿದು ನನ್ನ ಮುಂದೆ ಸರಿಸಿದರು.

"ನಿಮ್ಮವ್ವಾರಿಗಿ ಹೇಳು, ಊದೋದು ತಪ್ಪಂತ ನನಗೂ ಗೊತ್ತದ. ಕೈ ಅಡ್ಡ ಹಿಡಿದು ತಡೀಬೇಕಿತ್ತು. ಆದ್ರ ಮೊಣಕೈತನಕ ಪೆಟ್ರೋಲ್ ಇತ್ತಲ್ಲ. ಅದಕ್ಕ ಕೈ ಹಿಂದ ಇಟ್ಕೊಂಡೆ."

ಇದು ನನಗೆ ಹೊಳೆದೇ ಇರಲಿಲ್ಲ. ವಿಜ್ಞಾನದ ಟೀಚರಂತೆ!

ಆಮೇಲೆ ಮೊದಲ ಸಲ ಹುಬ್ಬಿನ ವಿಷಯ ಹೇಳಿದರು. ಗಣಿಯಲ್ಲಿದ್ದಾಗ ಜೊತೆಗಾರನೊಬ್ಬ ಜೀಪಿನ ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ನೋಡಲು ಕಡ್ಡಿ ಗೀರಿದ್ದ. "ನಾ ಬಾಜೂಕ ಇದ್ದೆ, ಬ್ಯಾಡಂತ ಅನ್ನೋದ್ರಾಗ ಆಗಿಹೋತು. ನಂದು ಹುಬ್ಬು ಹೋತು. ಅಂವಾ ಹೋದ." ಅಷ್ಟೇ ಹೇಳಿ ಬಸಿ ಎತ್ತಿ ಕುಡಿದರು.

"ಮತ್ತ ಮನಿಗಿ ಬರ್ರಿ, ಕಾಕಾ. ನಿಮ್ಮ ಕೆಲಸ ಅರ್ಧಕ್ಕ ನಿಂತದ."

"ನಾ ಬರಂಗಿಲ್ಲ. ಗಾಡಿ ನಿಮ್ಮಪ್ಪಂದು, ನೀ ಮಾಡು. ನಾ ಕಲಿಸ್ತೀನಿ."

ನಾಲ್ಕು ರವಿವಾರ ಕಲಿಸಿದರು. ಹಳೆಯ ಕಾರ್ಬುರೇಟರೊಂದನ್ನು ನನ್ನಿಂದ ಬಿಚ್ಚಿಸಿ, ಕೂಡಿಸಿ, ಮತ್ತೆ ಬಿಚ್ಚಿಸಿದರು. ಅವಸರ ಮಾಡಿದರೆ, "ಟೀಚರ್ ಆಗಿ ಬಂದೀದಿ ಏನು, ಕಲೀಲಿಕ್ಕ ಬಂದೀದಿ?" ಎಂದು ಚುಡಾಯಿಸುತ್ತಿದ್ದರು. ಐದನೆಯ ರವಿವಾರ ನಮ್ಮ ಅಂಗಳದಲ್ಲಿ ನಾನೊಬ್ಬಳೇ ಸೂಜಿ ಸ್ವಚ್ಛ ಮಾಡಿ ಕೂಡಿಸಿದೆ. ಪೆಟ್ರೋಲ್ ಬೆರೆತ ಆಯಿಲ್ ಬಸಿದು ಹೊಸದು ಹಾಕಿದೆ. ಒಣಗಿದ ಪ್ಲಗ್ಗುಗಳನ್ನು ಅವರ ಸೀಮೆಸುಣ್ಣದ ಅಂಕಿ ನೋಡಿಯೇ ಒಂದೊಂದಾಗಿ ತಿರುವಿದೆ. ಬಗ್ಗಿ ಮೂಸಿದೆ. ಚೋಕ್ ಮುಟ್ಟಲಿಲ್ಲ, ಪೆಡಲನ್ನು ಒಮ್ಮೆ ಪೂರ್ತಿ ಒತ್ತಿ ಹಿಡಿದು ಕೀಲಿ ತಿರುವಿದೆ. ಎರಡು ಸಲ ಕೆಮ್ಮಿತು, ಕಪ್ಪು ಹೊಗೆ ಬಿಟ್ಟಿತು, ಹತ್ತಿಕೊಂಡಿತು! ಫೋನನ್ನು ಇಂಜಿನ್ನಿನ ಹತ್ತಿರ ಹಿಡಿದೆ.

"ಕೇಳಲಿಕತ್ತದ ಏನ್ರೀ ಕಾಕಾ?"

"ಕೇಳಲಿಕತ್ತದ. ನಾಕರಾಗ ಮೂರೇ ಪ್ಲಗ್ ಕೆಲಸ ಮಾಡಲಿಕತ್ತಾವ. ಒಂದು ಪ್ಲಗ್ಗಿನ ವೈರು ಸಡಲ ಬಿಟ್ಟೀದಿ, ನೋಡು." ಶಭಾಶ್ ಎನ್ನುವ ಮನುಷ್ಯನೇ ಅಲ್ಲ. ನೋಡಿದರೆ, ವೈರು ಸಡಿಲವೇ ಇತ್ತು.

ಅವ್ವ ಬಾಗಿಲಲ್ಲಿ ನಿಂತು ಆ ದನಿ ಕೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕೈಯಿಂದ ಫೋನ್ ಇಸಿದುಕೊಂಡು, "ಮಿಸ್ತ್ರಿಯವರ, ಒಂದ್ಸಲ ಊಟಕ್ಕ ಬರ್ರಿ. ಒಳಗ ಕುಂತು ಉಣಬೇಕು," ಎಂದಳು. ಅವರು, "ಮುಂದಿನ ಖಂಡೇಪೂಜಿಗಿ ಬರ್ತೀನ್ರೀ, ಅವ್ವಾರ" ಎಂದರು.

ಬರಲಿಲ್ಲ. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಶೆಡ್ಡಿನಲ್ಲೇ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ಅವ್ವನನ್ನು ಅಪ್ಪನ ಕಾರಿನಲ್ಲಿ ಕೂಡಿಸಿಕೊಂಡು ಅವರ ಮನೆಗೆ ಹೋದೆ. ಬುದ್ಧನ ಪಟದ ಮುಂದೆ ಮೇಣದ ಬತ್ತಿ ಉರಿಯುತ್ತಿತ್ತು. ಅವ್ವ ಅವರ ಹೆಂಡತಿಯ ಪಕ್ಕಕ್ಕೆ ನೆಲದ ಮೇಲೆ ಕುಂತು, "ನಿಮ್ಮ ಮನಿಯವರು ನನ್ನ ಆರತಿ ಊದಿದ್ರು, ನಾ ಅವರಿಗಿ ಅಂಗಳದಿಂದ ಕಳಿಸಿದೆ. ಅವರು ಊದಿದ್ದಕ್ಕ ಇವತ್ತ ಬದುಕಿ ಬಂದೀನಿ," ಎಂದಳು. ಆ ತಾಯಿ ಅವ್ವನ ಕೈ ಹಿಡಿದುಕೊಂಡರು. "ಆರತಿ ಸುದ್ದಿ ನಮಗ ಹೇಳೇ ಇಲ್ಲರೀ" ಎಂದರು. "ಖಂಡೇಪೂಜಿಗಿ ನಿಮ್ಮಲ್ಲಿ ಊಟ ಅದ ಅಂತಷ್ಟೇ ಹೇಳಿದ್ರು." ಅವ್ವ ಅತ್ತಳು. ನಾನೂ ಅತ್ತೆ.

ಅವರು ಬದುಕಿದ್ದಾಗ ಆ ಅಂಗಳದಲ್ಲಿ ಆಡಬೇಕಿದ್ದ ಒಂದು ಮಾತನ್ನು ನಾನು ಆಡಲಿಲ್ಲ. ಶೆಡ್ಡಿನಲ್ಲಿ ಹೇಳಿದ್ದು ಅದಕ್ಕೆ ಲೆಕ್ಕವಲ್ಲ. ಈಗ ಖಂಡೇಪೂಜೆಯ ದಿನ ನಾನು ಬಾನೆಟ್ ಎತ್ತುತ್ತೇನೆ. ಅವ್ವ ಕರ್ಪೂರ ಹಚ್ಚದ ತಾಟು ಹಿಡಿದು ಗೇಟಿನ ಹತ್ತಿರ ನಿಲ್ಲುತ್ತಾಳೆ. ಮಾಮಾ ಕಡ್ಡಿಪೆಟ್ಟಿಗೆಯನ್ನು ಕಿಸೆಯಲ್ಲಿಟ್ಟುಕೊಂಡು ಅವಳ ಹಿಂದೆ. ಒಳ್ಳೆಯ ಹೊತ್ತು ಮೀರಿದರೂ ಯಾರೂ ಅವಸರ ಮಾಡುವುದಿಲ್ಲ.

"ಮೂಸಿದೀ?" ಎಂದು ಅವ್ವ ಅಲ್ಲಿಂದಲೇ ಕೇಳುತ್ತಾಳೆ.

"ಮೂಸೀನಿ. ಏನಿಲ್ಲ."

"ಇನ್ನೊಮ್ಮಿ ಮೂಸು," ಎನ್ನುತ್ತಾಳೆ. ನಾನು ಮತ್ತೆ ಬಗ್ಗುತ್ತೇನೆ.