ಯೇಸುದಾಸ ಮಿಸ್ತ್ರಿ ಇಟ್ಟ ಕೆಂಪು ಚುಕ್ಕಿ

ಬೀದರಿನ ಚೌಬಾರಾದ ಹಿಂದಿನ ಗಲ್ಲಿಯಲ್ಲಿ ಯೇಸುದಾಸ ಮಿಸ್ತ್ರಿಯ ಅಂಗಡಿ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಮೋಟಾರಿನ ತಂತಿಯ ಕಾಯಿಲಿಗೆ ಹಚ್ಚುವ ವಾರ್ನಿಶಿನ ವಾಸನೆ ಹಿಡಿದು ಹೋದರೆ ಸಾಕು. ಔರಾದ ಕಡೆಯ ಚಿಂತಾಕಿಯಲ್ಲಿ ಹುಟ್ಟಿ, ಭಾಲ್ಕಿಯಲ್ಲಿ ಐಟಿಐ ಮುಗಿಸಿ, ಬೀದರಿನ ಪಕ್ಕದ ಕೊಳಾರದ ಒಂದು ಕಾರ್ಖಾನೆಯಲ್ಲಿ ಹತ್ತು ವರ್ಷ ಮೋಟಾರಿಗೆ ತಂತಿ ಸುತ್ತಿದ ಕೈ ಅದು. ಸುಟ್ಟ ಫ್ಯಾನು, ಹಿಡಿದುಕೊಂಡ ಕೂಲರು, ಹೊಗೆಯಾಡುವ ಮಿಕ್ಸರು ಏನೇ ಬರಲಿ, ಮಿಸ್ತ್ರಿಯ ಕೈ ತಾಗಿದರೆ ಮತ್ತೆ ತಿರುಗುತ್ತಿತ್ತು. ಭಾನುವಾರ ಚರ್ಚಿನಲ್ಲಿ ಕಾಣಿಕೆಯ ತಟ್ಟೆ ಹಿಡಿದು ಸಾಲುಸಾಲು ಓಡಾಡುವವನೂ ಅವನೇ. ಯೇಸುದಾಸ ಸುಳ್ಳಾಡುವವನಲ್ಲ ಎಂದು ಊರು ನಂಬಿತ್ತು. ಊರಿಗೇನು, ನಂಬುವುದಕ್ಕೆ ಕಾಸು ಕೊಡಬೇಕೆ?

ಅವನ ಬಳಿ ಒಂದೇ ಒಂದು ಸುಳ್ಳಿತ್ತು. ಇಪ್ಪತ್ತು ವರ್ಷದಿಂದ ಅದನ್ನೇ ತಿಕ್ಕಿ ತಿಕ್ಕಿ ಬಳಸುತ್ತಿದ್ದ. ಅವಸರದಲ್ಲಿ ಒಂದು ವೈರು ಅದಲುಬದಲಾಗಿ ಮೋಟಾರು ಹಿಂದುಮುಂದಾಗಿ ತಿರುಗಿದರೆ, ಗಿರಾಕಿ ವಾಪಸು ತಂದಾಗ ತಲೆ ಎತ್ತದೆ ಹೇಳುತ್ತಿದ್ದ: "ಪ್ಲಗ್ಗು ಉಲ್ಟಾ ಹಾಕೀರಿ ನೋಡ್ರಿ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಿರಾಕಿ ನಾಚಿಕೊಂಡು ಹೂಂ ಅನ್ನುತ್ತಿದ್ದ, ಇವನು ಒಳಗೆ ಹೋಗಿ ಎರಡು ನಿಮಿಷದಲ್ಲಿ ವೈರು ಸರಿ ಮಾಡಿ ಕೊಡುತ್ತಿದ್ದ. ಯಾರಿಗೂ ನಷ್ಟವಿಲ್ಲ ಎಂಬುದು ಅವನ ಲೆಕ್ಕ.

ನಾಲ್ಕು ವರ್ಷದ ಹಿಂದೆ ಬಿಸ್ಮಿಲ್ಲಾಬೀಗೂ ಹಾಗೆಯೇ ಹೇಳಿದ್ದ. ನಾಲ್ಕು ಗಲ್ಲಿ ಆಚೆಯ ಮನೆಯ ಆ ಹಿರಿಯ ಹೆಂಗಸು ಮಿಕ್ಸರ್ ಎತ್ತಿಕೊಂಡು ಸಿಟ್ಟಿನಿಂದ ಬಂದಿದ್ದಳು. ಮಿಸ್ತ್ರಿ ರಿಪೇರಿ ಮಾಡಿ ಕೊಟ್ಟ ಮರುದಿನವೇ, ಬೀಗರು ಊಟಕ್ಕೆ ಕೂತಾಗ, ಚಾಲು ಮಾಡುತ್ತಲೇ ಜಾರು ಮೇಲೆದ್ದು ಉರುಳಿ ಅರೆದ ಹಸಿಮೆಣಸಿನಕಾಯಿಯೆಲ್ಲ ಹೊಸ ಸೊಸೆ ಫರ್ಹೀನಳ ಮುಖಕ್ಕೆ ಬಡಿದಿತ್ತು. ಯೇಸುದಾಸನಿಗೆ ನೋಡದೆಯೇ ಗೊತ್ತಾಯಿತು. ಜಾರು ಕೂರುವ ತಿರುಪು ಮಿಕ್ಸರ್ ನೆಟ್ಟಗೆ ತಿರುಗಿದರೆ ಬಿಗಿಯಾಗುತ್ತದೆ, ಹಿಂದುಮುಂದಾದರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೋಟಾರಿನೊಳಗಿನ ಕಾರ್ಬನ್ ಬ್ರಶ್ಶಿನ ಎರಡು ವೈರನ್ನು ಅವನೇ ಆಚೀಚೆ ಹಚ್ಚಿದ್ದ. ಆದರೆ ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರು, ಪಕ್ಕದ ಚಹಾದಂಗಡಿಯ ರಿಜ್ವಾನನೂ ಇದ್ದ.

"ನಿಮ್ಮ ಸೊಸಿ ಪ್ಲಗ್ಗು ಉಲ್ಟಾ ಹಾಕ್ಯಾಳ ಆಪಾ," ಅಂದುಬಿಟ್ಟ.

ಅಷ್ಟಕ್ಕೇ ಬಿಡಲಿಲ್ಲ. ಆ ಮಿಕ್ಸರಿಗಿದ್ದದ್ದು ಎರಡೇ ಪಿನ್ನಿನ ಪ್ಲಗ್ಗು, ಹೇಗೆ ಬೇಕಾದರೂ ಒಳಗೆ ಹೋಗುತ್ತಿತ್ತು. ಒಳಗೆ ಹೋಗಿ ವೈರು ಸರಿ ಮಾಡಿ ತಂದು, ನಂಬಿಕೆ ಬರಲಿ ಎಂದು ಹೆಂಡತಿಯ ನೇಲ್ ಪಾಲಿಶ್ ತರಿಸಿ ಅದರ ಮೇಲೊಂದು ಕೆಂಪು ಚುಕ್ಕಿ ಇಟ್ಟು, "ಇದು ಯಾವಾಗ್ಲೂ ಮ್ಯಾಲ ಇರ್ಬೇಕ್ರಿ," ಎಂದು ಪಾಠವನ್ನೂ ಹೇಳಿದ. ಆಮೇಲೆ ಮರೆತೂಬಿಟ್ಟ.

ಈ ಏಪ್ರಿಲ್‌ನಲ್ಲಿ ಬಿಸ್ಮಿಲ್ಲಾಬೀಯ ಮನೆಯ ಕೂಲರ್ ನಿಂತಿತು. ದೊಡ್ಡ ಕೂಲರು, ಅಂಗಡಿಗೆ ಹೊರಲಾಗದ್ದು, ಹಾಗಾಗಿ ಯೇಸುದಾಸನೇ ಹೋದ. ನಡುಮನೆಯಲ್ಲಿ ಫರ್ಹೀನ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಕೆಲಸ ಮುಗಿಸಿ ಅವನು, "ಬಟನ್ ಹಾಕ್ರಿ ಬೇಟಿ, ನೋಡೂಣು," ಅಂದ.

ಆಕೆ ಏಳಲಿಲ್ಲ. ಕಾಲು ನಿಲ್ಲಿಸಿ, "ಅಮ್ಮೀ, ಜರಾ ಬನ್ನಿ," ಎಂದು ಅತ್ತೆಯನ್ನು ಕರೆದಳು. ಬಿಸ್ಮಿಲ್ಲಾಬೀ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು.

"ಇಕಿಗಿ ಕರೆಂಟಿನ ಸಾಮಾನ ಮುಟ್ಟಲಿಕ್ಕೆ ಬಿಡಂಗಿಲ್ಲ ಮಿಸ್ತ್ರಿ. ನೀವೇ ಅಲ್ಲೇನ್ರಿ ಹೇಳಿದವರು? ತವರುಮನಿಯಾಗ ಮೋಟಾರಿನ ಹೊಲಿಗಿ ಮಶೀನ್ ಅದ, ಭಾಲ್ಕಿಯಾಗ. ಬ್ಯಾಡ ಅಂದೇನಿ. ಅದನ್ನೂ ಉಲ್ಟಾ ಹಾಕಿ ಕೈಗೀ ಸೂಜಿ ಹೊಡ್ಕೊಂಡ್ರ ಯಾರು ನೋಡ್ತಾರ?"

ಯೇಸುದಾಸ ಗೋಡೆಯ ಕಡೆ ನೋಡಿದ. ಫ್ರಿಜ್ಜಿನ, ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗಿಗೆ, ಮೊಬೈಲ್ ಚಾರ್ಜರಿಗೆ ಕೂಡ ಕೆಂಪು ಚುಕ್ಕಿ. ಮೂರು ಪಿನ್ನಿನ ಪ್ಲಗ್ಗು ಉಲ್ಟಾ ಹೋಗುವುದೇ ಇಲ್ಲ, ಅದಕ್ಕೂ ಒಂದು ಚುಕ್ಕಿ.

"ಬಸರಿದ್ದಾಗನೂ ಕಾಲಿಲೇ ಮಶೀನ್ ತುಳದಾಳ, ಜಾಣಿ," ಎಂದಳು ಬಿಸ್ಮಿಲ್ಲಾಬೀ. ಹೊಗಳಿದಂತೆಯೇ ಹೇಳಿದಳು. ಫರ್ಹೀನ ತಲೆ ತಗ್ಗಿಸಿ ದಾರ ಪೋಣಿಸುತ್ತಿದ್ದಳು.

ಚಹಾ ಬೇಡವೆಂದು ಯೇಸುದಾಸ ಹೊರಬಿದ್ದ. ಸ್ಕೂಟರಿನ ಮೇಲೆ ಕೂತನೇ ಹೊರತು ಕಿಕ್ ಹೊಡೆಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಎಷ್ಟು ಸಲ ಬೇರೆಯವರನ್ನು ಆಡಿಕೊಂಡಿದ್ದ! ಬರೆ ಎಳೆದ ಕೈ ತನ್ನದೇ. ಹೇಳಿಬಿಟ್ಟರೆ ಏನಾಗುತ್ತದೆ? ಇಪ್ಪತ್ತು ವರ್ಷದ ಹೆಸರು ಹೋಗುತ್ತದೆ, ಚರ್ಚಿನಲ್ಲಿ ತಟ್ಟೆ ಹಿಡಿಯಲು ಮುಖವಿರುವುದಿಲ್ಲ. ಹೇಳದಿದ್ದರೆ? ಆ ಹುಡುಗಿ ಮುದುಕಿಯಾಗುವವರೆಗೆ ತುಳಿಯುತ್ತಾಳೆ. ಇಷ್ಟು ಸ್ಪಷ್ಟವಿದ್ದರೂ ಅರ್ಧ ಗಂಟೆ ಅಲ್ಲೇ ಕೂತಿದ್ದ ಎಂದರೆ ಅವನೆಷ್ಟು ದೊಡ್ಡ ಮನುಷ್ಯ ಎಂದು ನೀವೇ ಅಳೆಯಿರಿ. ಕೊನೆಗೆ ಇಳಿದು ವಾಪಸು ಬಾಗಿಲು ಬಡಿದ.

"ಆಪಾ, ಅವತ್ತ ತಪ್ಪು ನಂದಿತ್ರಿ. ವೈರು ನಾನೇ ಉಲ್ಟಾ ಹಚ್ಚಿದ್ದೆ. ನಿಮ್ಮ ಸೊಸಿದು ಏನೂ ತಪ್ಪಿಲ್ಲ."

ಬಿಸ್ಮಿಲ್ಲಾಬೀ ಅವನನ್ನು ಪ್ರೀತಿಯಿಂದ ನೋಡಿದಳು. "ನೀವು ಭಾಳ ಒಳ್ಳೆಯವ್ರು ಮಿಸ್ತ್ರಿ. ಇಕಿಗಿ ನಾ ಬೈತೇನಿ ಅಂತ ತಪ್ಪು ನಿಮ್ಮ ಮ್ಯಾಲ ಹಾಕ್ಕೋತೀರಿ."

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದ, ಆ ಹೊಗಳಿಕೆಯನ್ನು ತಡೆಯಲಾಗಲಿಲ್ಲ. "ಮಿಕ್ಸರ್ ತರ್ರಿ," ಎಂದ. ನೆಲದ ಮೇಲಿಟ್ಟು ಚುಕ್ಕಿ ಮೇಲೆ ಮಾಡಿ ಪ್ಲಗ್ಗು ಹಾಕಿದ, ತಿರುಗಿತು. ಚುಕ್ಕಿ ಕೆಳಗೆ ಮಾಡಿ ಹಾಕಿದ, ಅದೇ ದಿಕ್ಕಿಗೆ ತಿರುಗಿತು.

"ನೋಡ್ರಿ, ಒಳಗ ಎರಡು ಕಾಯಿಲ್ ಅದಾವ. ಒಂದು ಕೂತಿರೋದು, ಒಂದು ತಿರುಗೋದು. ಪ್ಲಗ್ಗು ಉಲ್ಟಾ ಹೊಳ್ಳಿಸಿದ್ರ ಎರಡೂ ಕೂಡೇ ಹೊಳ್ತಾವ, ಹಿಂಗಾಗಿ ದಿಕ್ಕು ಬದಲಾಗಂಗಿಲ್ಲ. ಒಂದನ್ನಷ್ಟೇ ಹೊಳ್ಳಿಸಿದ್ರ ಮಾತ್ರ ಉಲ್ಟಾ ತಿರುಗ್ತದ. ಅದು ಮನ್ಯಾಗ ಕೂತ ಹೆಣ್ಮಗಳ ಕೈಲೆ ಆಗೋದಲ್ರಿ, ಬಿಚ್ಚಿದವನೇ ಮಾಡಬೇಕು." ಅಷ್ಟಕ್ಕೆ ಬಿಡದೆ ತಳ ಬಿಚ್ಚಿ, ಬ್ರಶ್ಶಿನ ವೈರು ಎರಡನ್ನೂ ಅದಲುಬದಲು ಮಾಡಿ, ಜಾರಿಲ್ಲದೆ ಚಾಲು ಮಾಡಿದ. ಮೇಲಿನ ತಿರುಪು ಗರಗರ ಬಿಚ್ಚಿಕೊಂಡು ಹಾರಿ ಬಾಗಿಲಿಗೆ ಬಡಿಯಿತು.

ಬಿಸ್ಮಿಲ್ಲಾಬೀ ಮಂಚದ ಅಂಚಿಗೆ ಕೂತಳು. "ಹೋದದ್ದು ಹೋಯ್ತು ಬಿಡ್ರಿ," ಅಂದಳು, ಸೊಸೆಯ ಕಡೆ ನೋಡದೆ.

ಫರ್ಹೀನ ಈಗ ತಲೆ ಎತ್ತಿದಳು. "ಅವತ್ತೇ ನಾ ಎರಡೂ ಕಡಿ ಹಾಕಿ ನೋಡಿದ್ದೆ ಅಮ್ಮೀ. ಹೇಳಿದ್ದೆ. ಮಿಸ್ತ್ರಿಗಿಂತ ನಿನಗ ಹೆಚ್ಚು ಗೊತ್ತೇನು ಅಂದ್ರಿ."

ಯೇಸುದಾಸ ಬಾಗಿಲ ಬಳಿಯಿಂದ ತಿರುಪು ಹೆಕ್ಕಿ ತಂದ. ವೈರು ಮತ್ತೆ ಸರಿ ಮಾಡುತ್ತಾ, "ಭಾಲ್ಕಿಯಿಂದ ಮಶೀನ್ ತರಸ್ರಿ ಬೇಟಿ, ಮೋಟಾರ್ ನಾ ನೋಡಿಕೊಡ್ತೇನಿ, ಒಂದು ರೂಪಾಯಿ ಬ್ಯಾಡ," ಎಂದ.

"ಮಶೀನ್ ನಾನೇ ತರಸ್ಕೋತೇನ್ರಿ," ಎಂದಳು ಆಕೆ. ದನಿ ಏರಲಿಲ್ಲ. "ನೀವು ಅಂಗಡಿಯಾಗ ಮಂದಿ ಮುಂದ ಹೇಳಿದ್ರಂತಲ್ಲ. ಮಂದಿ ಮುಂದೇ ಹೋಗಿ ಹೇಳ್ರಿ. ಗಲ್ಲಿಯಾಗ ನನಗ ಇನ್ನೂ ಉಲ್ಟಾ ಪ್ಲಗ್ಗಿನ ಸೊಸಿ ಅಂತಾರ."

ಮರುದಿನ ಬೆಳಗಿನ ಚಹಾ ತಂದ ರಿಜ್ವಾನನಿಗೇ ಅವನು ಮೊದಲು ಹೇಳಿದ. ಒಂದೂ ಬಿಡದೆ ಹೇಳಿದ. ಬೆಂಚಿನ ಮೇಲೆ ಕೂತಿದ್ದ ಗಿರಾಕಿಗಳೂ ಕೇಳಿದರು. ರಿಜ್ವಾನ ಜೋರಾಗಿ ನಕ್ಕ.

"ಅರೆ, ಭಲೇ ಮಿಸ್ತ್ರಿ! ಇಡೀ ಊರಿಗೇ ಟೋಪಿ ಹಾಕೀರಿ." ನಗುತ್ತಲೇ ಕೇಳಿದ, "ಮತ್ತ ಕೂಲರಿಗೆ? ಕೂಲರಿಗಾದ್ರೂ ಪ್ಲಗ್ಗು ಉಲ್ಟಾ ಆಗ್ತದಲ್ಲ?"

"ಇಲ್ಲಪ್ಪ. ಅದು ಒಳಗ ಕೆಪಾಸಿಟರಿನ ವೈರು ಯಾವ ಕಾಯಿಲಿಗೆ ಹಚ್ಚೇನಿ ಅನ್ನೋದರ ಮ್ಯಾಲ ಅದ. ಪ್ಲಗ್ಗಿಗೂ ಅದಕ್ಕೂ ಸಂಬಂಧಿಲ್ಲ."

ರಿಜ್ವಾನನ ನಗು ನಿಂತಿತು. "ಹೋದ ವರ್ಷ ನಮ್ಮ ಕೂಲರ್ ಗಾಳಿ ಹಿಂದಕ್ಕ ಬಿಡ್ತಿತ್ತು. ಮನಿಯವರು ಪ್ಲಗ್ಗು ಉಲ್ಟಾ ಹಾಕ್ಯಾರ ಅಂದ್ರಿ ನೀವು."

"ಹೌದು, ಅದೂ ನಂದೇ ತಪ್ಪು."

"ನಾ ಪ್ಲಗ್ಗು ಮುಟ್ಟೇ ಇಲ್ಲ ಅಂತ ಅಳ್ತಿದ್ಳ್ರೀ ನನ್ನ ಹೆಂಡ್ತಿ." ರಿಜ್ವಾನ ತನ್ನ ಬಲಗೈಯನ್ನೇ ನೋಡುತ್ತಿದ್ದ. "ಸುಳ್ಳು ಹೇಳ್ತಾಳ ಅಂತ ನಾ ಕೈ ಮಾಡಿದ್ದೆ."

ಕೆಟಲನ್ನು ಬೆಂಚಿನ ಮೇಲಿಟ್ಟು, ತೆರೆದ ಚಹಾದಂಗಡಿಯನ್ನು ಹಾಗೆಯೇ ಬಿಟ್ಟು ಅವನು ಮನೆಯ ಕಡೆ ನಡೆದ. ಬೆಂಚಿನ ಮೇಲೆ ಕೂತಿದ್ದ ಗಿರಾಕಿಗಳಲ್ಲಿ ಯಾರ್ಯಾರಿಗೆ ಆ ಪ್ಲಗ್ಗಿನ ಮಾತು ಹೇಳಿದ್ದೆ, ಅವರು ಮನೆಗೆ ಹೋಗಿ ಏನು ಮಾಡಿದರು ಎಂಬುದು ಯೇಸುದಾಸನಿಗೆ ನೆನಪಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.