ಮುಚ್ಚಳ ಎತ್ತದ ಭಾನುವಾರ

ಮುಚ್ಚಿಟ್ಟ ಪಾತ್ರೆಯ ಪಕ್ಕದಲ್ಲಿ ಹಾದುಹೋಗುವಾಗ ಅದರ ಮುಚ್ಚಳ ಎತ್ತಿ ಇಣುಕದೆ ಮುಂದೆ ಸಾಗಿದವರನ್ನು ನೀವು ಕಂಡಿದ್ದೀರಾ? ಹಲಸೂರಿನ ನಮ್ಮ ಮನೆಯಲ್ಲಂತೂ ಅಂಥ ಜಿತೇಂದ್ರಿಯರು ಯಾರೂ ಇರಲಿಲ್ಲ. ವಿಮಾನಪುರದ ಕಾರ್ಖಾನೆಯಿಂದ ಬರುವ ನಮ್ಮ ಯಜಮಾನರು ಊಟದ ಡಬ್ಬಿ ಕೆಳಗಿಡುವ ಮೊದಲೇ ಎತ್ತುತ್ತಿದ್ದರು. ಮಾವ ನೀರು ಕುಡಿಯುವ ನೆಪದಲ್ಲಿ ಬಂದು ಎತ್ತುತ್ತಿದ್ದರು. ಅತ್ತೆ ಯಾವ ನೆಪದ ಹಂಗೂ ಇಲ್ಲದೆ, ಅದು ತಮ್ಮ ಜನ್ಮಸಿದ್ಧ ಹಕ್ಕೆಂಬಂತೆ ಎತ್ತಿ, ಸೌಟಿನಿಂದ ಒಂದು ಸುತ್ತು ತಿರುವಿ, ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿ, "ಉಪ್ಪು" ಎಂದಷ್ಟೇ ಹೇಳಿ ಹೋಗುತ್ತಿದ್ದರು. ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ನಾವೇ ಊಹಿಸಿಕೊಳ್ಳಬೇಕು. ನಾನೇನೂ ಕಡಿಮೆಯವಳಲ್ಲ. ಶಿವಾಜಿನಗರದಲ್ಲಿ ಪರದೆ ಬಟ್ಟೆ ಮಾರುವವಳು. ಗಂಟು ಬಿಚ್ಚಿ, ಬೆಳಕಿಗೆ ಹಿಡಿದು, ನೂಲು ಎಳೆದು ನೋಡದೆ ಯಾವ ಮಾಲನ್ನೂ ಒಪ್ಪಿಕೊಂಡವಳಲ್ಲ.

ಇಂಥ ಮನೆಗೆ, ಮುಚ್ಚಳ ಎತ್ತಬಾರದು ಎಂಬುದೇ ಏಕೈಕ ಶಾಸ್ತ್ರವಾಗಿರುವ ಪಾತ್ರೆಯೊಂದನ್ನು ಹೊತ್ತು ತಂದವಳೂ ನಾನೇ.

ತೊಂಬತ್ತರ ದಶಕದ ಕೊನೆಯ ಮಾತು. ಕುಕ್ ಟೌನಿನ ಹಳೆಯ ಬಂಗಲೆಯೊಂದರ ಆಂಗ್ಲೋ-ಇಂಡಿಯನ್ ಅಜ್ಜಿ ಮಗಳೊಡನೆ ಇರಲು ಇಂಗ್ಲೆಂಡಿಗೆ ಹೊರಟವರು, ಮನೆಯ ಸಾಮಾನನ್ನೆಲ್ಲ ವರಾಂಡದಲ್ಲಿ ಹರಡಿ ಮಾರುತ್ತಿದ್ದರು. ಪರದೆಯ ಹಿತ್ತಾಳೆ ಕಂಬಿಗಳಿಗಾಗಿ ಹೋದ ನನ್ನ ಕಣ್ಣಿಗೆ ಬಿದ್ದದ್ದು ಕಂದುಬಣ್ಣದ ಪಿಂಗಾಣಿ ಮಡಕೆ, ಅದಕ್ಕೊಂದು ಗಾಜಿನ ಮುಚ್ಚಳ, ಹಿಂದೆ ಬಾಲದಂತೆ ವೈರು. ಸ್ಲೋ ಕುಕ್ಕರ್ ಎಂದರು. ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ಹಾಕಿ ಸ್ವಿಚ್ ಒತ್ತಿ ಹೋದರೆ ಮಧ್ಯಾಹ್ನಕ್ಕೆ ತನ್ನ ಪಾಡಿಗೆ ತಾನು ಬೆಂದು ಕಾದಿರುತ್ತದಂತೆ. ನಾನು ಬೆಲೆ ಕೇಳಿದೆ, ಅರ್ಧಕ್ಕೆ ಕೇಳಿದೆ, ಬೇಡವೆಂದು ಎದ್ದು ಗೇಟಿನವರೆಗೂ ಹೋಗಿ ಹಿಂತಿರುಗಿ ನೋಡಿದೆ. ನನ್ನ ಬತ್ತಳಿಕೆಯಲ್ಲಿದ್ದ ಬಾಣಗಳೆಲ್ಲ ಮುಗಿದರೂ ಅಜ್ಜಿ ಸ್ವೆಟರ್ ಹೆಣೆಯುತ್ತ ಸುಮ್ಮನೆ ಕೂತಿದ್ದರು. ಆ ಮೌನವನ್ನು ತಡೆಯಲಾರದೆ ನನ್ನ ಬೆಲೆಯನ್ನು ನಾನೇ ಏರಿಸುತ್ತ ಹೋಗಿ ಅವರು ಹೇಳಿದಲ್ಲಿಗೇ ಮುಟ್ಟಿಬಿಟ್ಟೆ. ಆಮೇಲೆ ಬಾಯಿ ತೆರೆದರು: "ಲಿಡ್ ಮಾತ್ರ ತೆಗೀಬೇಡ ಮ್ಯಾನ್. ಒಂದ್ಸಲ ತೆಗೆದ್ರೆ ಅರ್ಧ ಗಂಟೆ ಮುನಿಸ್ಕೊಳ್ಳುತ್ತೆ."

ಅಂಗಡಿ ಆಫೀಸುಗಳ ನಡುವೆ ಓಡುವ ನಿಮಗೂ ಇದು ಬೇಕಾದೀತು, ಕೇಳಿ. ವೈದ್ಯರ ಮಟ್ಟಿಗೆ ಮಂದಾಗ್ನಿ ಒಂದು ರೋಗ. ಈ ಪಾತ್ರೆಯ ಮಟ್ಟಿಗೆ ಅದೇ ಆರೋಗ್ಯ. ಗಡ್ಡೆಗೆಣಸು ತಳಕ್ಕೆ ಹೋಗಬೇಕು, ಮಾಂಸ ಅದರ ಮೇಲೆ. ಆವಿ ಆಚೆ ಹೋಗುವುದಿಲ್ಲವಾದ್ದರಿಂದ ನೀರು ಹಿಡಿತದಲ್ಲಿರಬೇಕು. ಮಸಾಲೆಯನ್ನು ಬಾಣಲೆಯಲ್ಲಿ ಹುರಿಯದೆ ಹಾಕಿದರೆ ಸಾರಿಗೆ ಆಸ್ಪತ್ರೆಯ ಗಂಜಿಯ ಸ್ವಭಾವ ಬರುತ್ತದೆ. ಬೇಳೆಯಾದರೆ ಬೋರ್‌ವೆಲ್ ನೀರು ಬೇಡ, ಬೇಳೆ ಮೆತ್ತಗಾಗುವ ಮೊದಲು ಹುಣಸೆಹಣ್ಣೂ ಬೇಡ, ಎರಡೂ ಅದನ್ನು ಕಲ್ಲಾಗಿಸುತ್ತವೆ. ರಾಜ್ಮಾ ಕಾಳನ್ನು ಒಲೆಯ ಮೇಲೆ ಚೆನ್ನಾಗಿ ಕುದಿಸದೆ ಇದರೊಳಗೆ ಬಿಡಲೇಬೇಡಿ, ಹೊಟ್ಟೆ ಕೆಡುತ್ತದೆ. ಕೊತ್ತಂಬರಿ ಸೊಪ್ಪು ಕೊನೆಗೆ. ಇಷ್ಟನ್ನು ಕಲಿಯಲು ನಮ್ಮ ಮನೆಯವರು ಏನೇನು ತಿಂದರೆಂಬುದನ್ನು ಅವರ ಸಹನೆಯ ಮೇಲಿನ ಗೌರವದಿಂದ ಇಲ್ಲಿ ಬರೆಯುವುದಿಲ್ಲ.

ಅತ್ತೆಗೆ ಮಾತ್ರ ಆ ಪಾತ್ರೆಯ ಮೇಲೆ ನಂಬಿಕೆ ಹುಟ್ಟಲಿಲ್ಲ. ಕೆ.ಆರ್. ಪುರದಾಚೆಯ ಹಳ್ಳಿಯಲ್ಲಿ ಕಳದ ಕೆಲಸದವರಿಗೆಲ್ಲ ಸೌದೆ ಒಲೆಯಲ್ಲಿ ಅಡುಗೆ ಮಾಡಿ ಬಡಿಸಿದ ಹೆಂಗಸು. ಕುಕ್ಕರಿನ ವಿಷಲ್ಲಿಗೇ ಬಹಳ ವರ್ಷ ಮುಖ ಸಿಂಡರಿಸಿದ್ದವರು, ಇದರ ಮುಂದೆ ಕಿವಿಯಿಟ್ಟು, "ಉರೀನೂ ಇಲ್ಲ, ಸದ್ದೂ ಇಲ್ಲ, ಇದೇನು ಬೇಯ್ತದೋ ನಿದ್ದೆ ಮಾಡ್ತದೋ?" ಎಂದಿದ್ದರು.

ಪಾತ್ರೆಯ ವಿಷಯ ಅಷ್ಟರಲ್ಲೇ ಮುಗಿದಿದ್ದರೆ ನಗುತ್ತಿದ್ದೆ. ಆದರೆ ಅದಕ್ಕೆ ನನ್ನ ಅಂಗಡಿ ಗಂಟುಬಿದ್ದಿತ್ತು. ಅಂಗಡಿಯೆಂದರೆ ಪೂರ್ತಿ ಅಂಗಡಿಯಲ್ಲ, ಅರ್ಧ. ಬಟನ್, ಲೇಸು ಮಾರುವ ಭಾಯ್ ತಮ್ಮ ಅಂಗಡಿಯ ಒಂದು ಪಕ್ಕವನ್ನು ನನಗೆ ಬಾಡಿಗೆಗೆ ಕೊಟ್ಟಿದ್ದರು. ಸೀರೆಯ ಫಾಲ್ ಹೊಲಿಯುವುದರಿಂದ ಶುರುಮಾಡಿ ಆ ಅರ್ಧಕ್ಕೆ ನಾನು ತಲುಪಿದ್ದೆ. ಶಿವಾಜಿನಗರದಲ್ಲಿ ವ್ಯಾಪಾರವೆಂದರೆ ಭಾನುವಾರ. ನಮ್ಮ ಮನೆಗೆ ನೆಂಟರು ಬರುವುದೂ ಭಾನುವಾರ. ಭಾನುವಾರ ಸೊಸೆ ಮನೆಯಲ್ಲಿರಬೇಕೆಂದು ಅತ್ತೆ. "ಸಂಡೇ ಮುಚ್ಚೋದಾದ್ರೆ ಹೇಳ್ಬಿಡಿ ಅಮ್ಮಾ, ಬೇರೆಯವ್ರು ಕೇಳ್ತಾವ್ರೆ," ಎಂದು ಭಾಯ್.

ನಾದಿನಿ ಮತ್ತು ಅವರ ಯಜಮಾನರು ಬಾಡೂಟಕ್ಕೆ ಬರುತ್ತಾರೆಂದು ಸುದ್ದಿ ಬಂದಾಗ ನಾನು ಚೌಕಾಸಿಗೆ ಇಳಿದೆ. ಅಂಗಡಿಗೂ ಹೋಗುತ್ತೇನೆ, ಊಟವೂ ಆಗುತ್ತದೆ, ಆದರೆ ಇನ್ನು ಭಾನುವಾರದ ಮಾತು ಎತ್ತಬಾರದು ಎಂದೆ. ಅತ್ತೆ ಅಕ್ಕಿ ಆರಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೌನದ ಮುಂದೆ ನನ್ನ ಗತಿಯೇನೆಂದು ನಿಮಗೆ ಗೊತ್ತಲ್ಲ. ಬಾಯಿ ತಡೆಯದೆ, "ಊಟದ ಹೊತ್ತಿಗಿಂತ ಮುಂಚೆ ನಾನು ಅಂಗಡಿ ಬಿಟ್ಟು ಬಂದರೆ ನೀವೇ ಗೆದ್ದಿರಿ, ಬೀಗದ ಕೈ ಭಾಯ್‌ಗೆ ಒಪ್ಪಿಸಿಬಿಡ್ತೀನಿ," ಎಂದೂ ಸೇರಿಸಿದೆ. ಅತ್ತೆ ತಲೆಯೆತ್ತಿದರು. "ಮುದ್ದೆ ನಂದು, ಸಾರು ನಿಂದು. ಆ ನಿನ್ನ ಮಡಕೇನ ನಾನು ಮುಟ್ಟಾಕಿಲ್ಲ."

ಭಾನುವಾರ ಬೆಳಕು ಹರಿಯುವ ಮೊದಲೇ ಎದ್ದು ಮಸಾಲೆ ಹುರಿದು ರುಬ್ಬಿ, ಕುರಿಮಾಂಸವನ್ನು ಈರುಳ್ಳಿಯಲ್ಲಿ ಬಾಡಿಸಿ, ಆಲೂಗಡ್ಡೆಯ ಹಾಸಿಗೆಯ ಮೇಲೆ ಮಲಗಿಸಿ, ಕುದಿನೀರು ಹಾಕಿ, ಮುಚ್ಚಳ ಮುಚ್ಚಿ ಸ್ವಿಚ್ ಒತ್ತಿದೆ. ಯಜಮಾನರು ಓವರ್‌ಟೈಮ್ ಎಂದು ಕಾರ್ಖಾನೆಗೆ ಹೋದರು. ನಾನು ಅಂಗಡಿಗೆ ಹೋದೆ. ದೇಹ ಅಂಗಡಿಗೆ ಹೋಯಿತು ಎನ್ನುವುದೇ ಸರಿ.

ಇಂದಿರಾನಗರದಲ್ಲಿ ಹೊಸ ಮನೆ ಕಟ್ಟಿದ್ದ ಹೆಂಗಸೊಬ್ಬರು ಇಡೀ ಮನೆಗೆ ಪರದೆ ಬೇಕೆಂದು ಬಂದು ಕೂತರು. ಅಂಥ ಗಿರಾಕಿ ಹಬ್ಬಕ್ಕೊಮ್ಮೆ ಬಂದರೆ ಹೆಚ್ಚು. ಸುತ್ತಿಟ್ಟ ಬಟ್ಟೆಯ ಥಾನುಗಳನ್ನು ಒಂದೊಂದಾಗಿ ಬಿಚ್ಚಿ ಹರಡುತ್ತಿದ್ದೆ. ಆಗ ಭಾಯ್, ಬಿಸಿಲು ಏರಿತಲ್ಲ, ಕರೆಂಟು ಯಾಕೆ ದಂಡ ಎಂದುಕೊಂಡು ಅಂಗಡಿಯ ಟ್ಯೂಬ್‌ಲೈಟುಗಳನ್ನು ಆರಿಸುತ್ತ ಬಂದರು. ಟಕ್. ಟಕ್. ಟಕ್.

ನನ್ನ ಕೈಯಲ್ಲಿದ್ದ ಥಾನು ಅಲ್ಲೇ ನಿಂತಿತು. ನಮ್ಮ ಮಾವ! ಹೊಸಿಲು ದಾಟುವ ಮುನ್ನ, ಫ್ರಿಜ್ ಒಂದನ್ನು ಬಿಟ್ಟು ಮನೆಯ ಪ್ರತಿಯೊಂದು ಸ್ವಿಚ್ಚನ್ನೂ ಆರಿಸದೆ ಹೊರಗೆ ಹೆಜ್ಜೆ ಇಡದ ಮನುಷ್ಯ. ಬೆಂಕಿಯ ಭಯ ಅವರಿಗೆ. ಗ್ಯಾಸಿನ ತಿರುಪು, ಇಸ್ತ್ರಿಪೆಟ್ಟಿಗೆ, ಟಿವಿ, ಫ್ಯಾನು, ಕಡೆಗೆ ಬಚ್ಚಲಿನ ಬಲ್ಬು, ದೇವರ ಪ್ರದಕ್ಷಿಣೆಯಂತೆ ಎಲ್ಲಕ್ಕೂ ಒಂದು ಸುತ್ತು. ಪ್ರತಿ ಭಾನುವಾರ ಅವರೂ ಅತ್ತೆಯೂ ಸೋಮೇಶ್ವರನ ಗುಡಿಗೆ ಹೋಗುತ್ತಾರೆ. ಈ ಭಾನುವಾರವೂ ಹೋಗಿರುತ್ತಾರೆ. ಕುಕ್ಕರಾದರೆ ವಿಷಲ್ ನಿಂತು ಚಾಡಿ ಹೇಳುತ್ತದೆ. ಒಲೆಯಾದರೆ ಹೊಗೆ ನಿಂತು ಹೇಳುತ್ತದೆ. ಈ ಮೂಕ ಮಡಕೆ ಬೇಯುವಾಗಲೂ ಹಾಗೆಯೇ, ಸತ್ತಾಗಲೂ ಹಾಗೆಯೇ.

ಭಾಯ್ ಅವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ಫೋನಿನಿಂದ ಮನೆಗೆ ಮಾಡಿದೆ. ಗಂಟೆ ಹೊಡೆದೇ ಹೊಡೆಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ ಅದೇ. ಅರ್ಧ ಬೆಂದ ಮಾಂಸ ಉಗುರುಬೆಚ್ಚಗೆ ಕೂತು ಕೆಡುತ್ತಿರುವ ಚಿತ್ರ ಕಣ್ಣಮುಂದೆ. ಹೋದರೆ ಪಂಥ ಸೋತೆ, ಅಂಗಡಿ ಹೋಯಿತು. ಹೋಗದಿದ್ದರೆ ನೆಂಟರ ಎಲೆಯ ಮುಂದೆ ಮಾನ ಹೋಗಿ, ಅದರ ಹಿಂದೆಯೇ ಅಂಗಡಿ ಹೋಯಿತು. "ಭಾಯ್, ಮೇಡಂನ ನೋಡ್ಕೊಳ್ಳಿ, ಹೀಗ್ಹೋಗಿ ಹಾಗ್ಬಂದೆ," ಎಂದವಳೇ ಆಟೋ ಹತ್ತಿದೆ. ಮೀಟರಿನ ಮೇಲೆ ಎಷ್ಟು ಎಂದು ಜಗಳವಾಡದೆ ನಾನು ಹತ್ತಿದ ಜೀವಮಾನದ ಏಕೈಕ ಆಟೋ ಅದು.

ಬಾಗಿಲಿಗೆ ಬೀಗವಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ, ಆ ಮಡಕೆಯ ಎದುರಿಗೆ, ಅತ್ತೆ ಗುಡಿಗೆ ಹೋಗಲು ಉಟ್ಟ ಸೀರೆಯಲ್ಲೇ ಕಾಲು ಚಾಚಿ ಕೂತಿದ್ದರು. ಮಡಿಲ ಮುಂದೆ ನೆನೆಸಿದ ಅವರೆಕಾಳಿನ ಬೋಗುಣಿ. ಎರಡು ಕೈಯಿಂದಲೂ ಕಾಳು ಹಿತುಕಿ ಹಿತುಕಿ ಬೇಳೆಯನ್ನು ಚಿಮ್ಮಿಸುತ್ತಿದ್ದರು. ಮುಚ್ಚಳದ ಒಳಮೈಯಲ್ಲಿ ಹನಿ ಕಟ್ಟಿ ಕೆಳಗಿಳಿಯುತ್ತಿತ್ತು.

"ಸ್ವಿಚ್ಚು, ಅತ್ತೆ..."

"ಆರ್ಸಿದ್ರು ನಿಮ್ಮ ಮಾವ. ಚಪ್ಲಿ ಮೆಟ್ಟಿದ ಮೇಲೆ ನಂಗೆ ಗ್ಯಾನ ಬಂತು. ಬಂದು ಹಾಕ್ದೆ. ನಾನ್ ಬರಾಕಿಲ್ಲ, ನೀವೇ ಹೋಗ್ಬನ್ನಿ ಅಂತ ಕಳ್ಸಿ ಕೂತಿವ್ನಿ. ಹಾಕಿ ಬಂದ್ರೆ ಇನ್ನೊಂದ್ಸಲ ಆರ್ಸೋ ಮನ್ಸ ಅವ್ರು."

"ಮತ್ತೆ ಫೋನು?"

"ಎತ್ತಿದ್ರೆ ಬೆಂತಾ ಅಂತ ಕೇಳ್ತೀಯ. ಕೇಳಿದ್ರೆ ಮುಚ್ಚಳ ತೆಗೆದು ನೋಡ್ಬೇಕು. ಮುಟ್ಟಾಕಿಲ್ಲ ಅಂದಿದ್ನಲ್ಲ." ಹಿತುಕಿದ ಬೇಳೆಯನ್ನು ತೋರಿಸಿದರು. "ಇವತ್ತಿನ ಅಡುಗೇಗೆ ಇದು ಬೇಕಾಗೇ ಇಲ್ಲ. ಕೈ ಖಾಲಿ ಇದ್ರೆ ಸುಮ್ನೆ ಇರ್ತದಾ ಅದು?"

ನಂಬದವರು ಕಾವಲು ಕೂತಿದ್ದರು, ನಂಬಿ ಎಂದು ಎಲ್ಲರಿಗೂ ಉಪದೇಶ ಮಾಡಿದವಳು ಓಡಿ ಬಂದಿದ್ದಳು. ಪಂಥದ ನೆನಪು ಆಗ ಬಂತು. ಬಂದದ್ದು ನನಗೊಬ್ಬಳಿಗೇ ಅಲ್ಲವೆಂದು ಅವರ ಮುಖದಿಂದ ತಿಳಿಯಿತು. ಅತ್ತೆ ಗೋಡೆಯ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಾಳಿನ ಕಡೆ ತಿರುಗಿದರು.

"ಹೋಗು, ಇನ್ನೂ ಹೊತ್ತದೆ. ನೀನು ಬಂದಿದ್ದು ನಾನು ನೋಡಿಲ್ಲ."

ಅಂಗಡಿಗೆ ಮರಳಿದಾಗ ಇಂದಿರಾನಗರದವರು ಭಾಯ್ ತರಿಸಿಕೊಟ್ಟ ಟೀ ಕುಡಿಯುತ್ತಿದ್ದರು. ನನ್ನ ವರ್ಣನೆಗಳ ಉಪಟಳವಿಲ್ಲದ ಆ ಬಿಡುವಿನಲ್ಲಿ, ನಾನು ತೋರಿಸಲು ಹಿಂಜರಿದಿದ್ದ ದುಬಾರಿ ಥಾನನ್ನು ತಾವೇ ಎಳೆದು ಆರಿಸಿಟ್ಟಿದ್ದರು. ವ್ಯಾಪಾರ ಕಲಿಯುವವರು ಇದನ್ನೂ ಬರೆದಿಟ್ಟುಕೊಳ್ಳಬಹುದು.

ಊಟದ ಹೊತ್ತಿಗೆ ಬಂದು, ಎಲ್ಲರ ಎದುರಿಗೆ ನಾನೇ ಮುಚ್ಚಳ ಎತ್ತಿದೆ. ಮೂಳೆಯಿಂದ ಮಾಂಸ ತಾನಾಗಿ ಕಳಚುತ್ತಿತ್ತು. ನಾದಿನಿ ಎರಡನೆಯ ಮುದ್ದೆ ಮುರಿಯುತ್ತ, "ಇದನ್ನೆಲ್ಲ ಬೇಯಿಸೋಕೆ ನೀನು ಅಂಗಡಿಯಿಂದ ಯಾವಾಗ ಬಂದೆ?" ಎಂದರು. ಮಾವ ತಲೆಯೆತ್ತಿ, "ಅಲ್ಲ, ಆ ಸ್ವಿಚ್ಚು ನಾನು..." ಎನ್ನುವಷ್ಟರಲ್ಲಿ ಅವರ ಎಲೆಗೆ ದಪ್ಪನೆಯ ಮುದ್ದೆಯೊಂದು ಬಿತ್ತು. "ಬೆಳಿಗ್ಗೆ ಹೋದೋಳು ಈಗಲೇ ಬಂದಿದ್ದು," ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ಉಪ್ಪು," ಎಂದರು. ಭಾನುವಾರದ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಕೆಲವು ವರ್ಷಗಳಲ್ಲಿ ಭಾಯ್ ಉಳಿದರ್ಧವನ್ನೂ ನನಗೇ ಬಿಟ್ಟುಕೊಟ್ಟರು.

ಈಗಲೂ ನಮ್ಮ ಮನೆಯಲ್ಲಿ ಮುಚ್ಚಿದ ಪಾತ್ರೆಗೆ ನೆಮ್ಮದಿಯಿಲ್ಲ. ಆ ಕಂದು ಮಡಕೆಯನ್ನು ಹಾಕಿದ ದಿನ ಮಾತ್ರ ಸೊಪ್ಪು ಬಿಡಿಸುವುದೋ ಬೆಳ್ಳುಳ್ಳಿ ಸುಲಿಯುವುದೋ ಏನಾದರೊಂದನ್ನು ಕೈಗೆ ತೆಗೆದುಕೊಂಡು ಕೂರುತ್ತೇನೆ. ನೀವೂ ಹಾಗೇ ಮಾಡಿ. ಮುಚ್ಚಳ ಎತ್ತದವರನ್ನು ಕಂಡಿದ್ದೀರಾ ಎಂದು ಕೇಳಿದೆನಲ್ಲ, ನಾನು ಒಬ್ಬರನ್ನು ಕಂಡಿದ್ದೇನೆ. ಅವರ ಎರಡೂ ಕೈ ಅವರೆಕಾಳಿನೊಳಗಿದ್ದವು.